ದಿಲೀಪನ ಮಂಡಿ

ಭಾರತ ಬ್ಯಾಸ್ಕೆಟ್‌ಬಾಲ್ ತಂಡದ ದಿಲೀಪನ ಮಂಡಿನೋವು ಈಗ ಸಿದ್ದಲಿಂಗುವಿನ ಕಾಲಲ್ಲಿತ್ತು. ಆಟಗಾರರ ಪೆಟ್ಟುಗಳನ್ನು ಅಭಿಮಾನಿಗಳು ಹೊರುವುದು ರೂಢಿ. ಹೊತ್ತವನು ಸತ್ತರೆ ಮಾತ್ರ ಪೆಟ್ಟು ಆಟಗಾರನಿಗೇ ಮರಳುತ್ತದೆ. ಅದಕ್ಕೇ ಮಂಡ್ಯದ ಬೇಕರಿಯಲ್ಲಿ ಗೆಳೆಯರಾದ ಬೋರೇಗೌಡ, ಬೆಟ್ಟಸ್ವಾಮಿ ಅವನಿಗೆ ಎಣ್ಣೆಯ ಬೋಂಡ ಮುಟ್ಟಲೂ ಬಿಡುತ್ತಿರಲಿಲ್ಲ. ಹೆದ್ದಾರಿ ದಾಟುವಾಗ ಆಚೆಗೊಬ್ಬ, ಈಚೆಗೊಬ್ಬ ನಿಂತು ತೋಳು ಹಿಡಿಯುತ್ತಿದ್ದರು.

ಆ ಸಂಜೆ ಬೇಕರಿಯ ಟಿವಿಯಲ್ಲಿ ಸುದ್ದಿ ಬಂತು. ಪಂದ್ಯಗಳಿಲ್ಲದ ಈ ಬಿಡುವಿನಲ್ಲಿ ದಿಲೀಪ ಪೌರತ್ವವನ್ನೇ ಬದಲಿಸಿಕೊಂಡು ಕೊಲ್ಲಿ ದೇಶವೊಂದರ ತಂಡ ಸೇರಿದ್ದ. ಭಾನುವಾರ ಅದೇ ತಂಡದ ಮೇಲೆ ನಮ್ಮ ಆಟ.

"ಥೂ, ದ್ರೋಹಿ ನನ್ಮಗ!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನು ಸಿದ್ದಲಿಂಗುವೇ. "ಅವ್ನು ಆಡುದ್ರೆ ನಮ್ ಕತೆ ಮುಗೀತು."

"ಆಡ್ದೇ ಹೋದ್ರೆ?" ಬೆಟ್ಟಸ್ವಾಮಿ ಮೆಲ್ಲಗೆ ಕೇಳಿದ.

"ಆಗ ಕಪ್ ನಮ್ದೇ ಕಣ್ಲಾ!"

ಬೋರೇಗೌಡ ಬೋಂಡದ ತಟ್ಟೆಯನ್ನು ಅವನತ್ತ ಸರಿಸಿದ. "ತಿನ್ಲಾ, ಪಾಪ, ಎಷ್ಟ್ ದಿನಾಗಿತ್ತೋ."

ಸಿದ್ದಲಿಂಗು ಆಸೆಯಿಂದ ತಿಂದು, ಬಾಯಿ ಒರೆಸಿಕೊಂಡು, ಕುಂಟುತ್ತ ಎದ್ದ. ಹೆದ್ದಾರಿಯ ಅಂಚಿನಲ್ಲಿ ಎಂದಿನಂತೆ ಇಬ್ಬರೂ ಅವನ ತೋಳು ಹಿಡಿದರು. ರಸ್ತೆ ಖಾಲಿಯಿತ್ತು.

"ನಡೀರ್ಲಾ, ದಾಟನ," ಎಂದ.

"ತಡಿಯೋ," ಎಂದ ಬೋರೇಗೌಡ, ಹಿಡಿತ ಬಿಗಿ ಮಾಡುತ್ತ. "ಕಬ್ಬಿನ ಲಾರಿ ಬರ್ಲಿ."