ಡ್ರಾಯರಿನೊಳಗಿನ ಲಿಂಗ

ಮಗ ನಿನ್ನೆಯಿಂದ ಉಂಡಿಲ್ಲ, ಮೇಲಾಗಿ ಮಾಸ್ತರನ್ನು ದೂಡಿ ಬೀಳಿಸಿದ್ದಾನೆ ಎಂದು ಫೋನು ಬಂದದ್ದೇ ತಡ, ಸುಮಂಗಲಾ ಕವಿತಾಳದಲ್ಲಿ ಸಿಕ್ಕ ಬಸ್ಸು ಹತ್ತಿ ರಾಯಚೂರಿನ ತರಬೇತಿ ಕೇಂದ್ರಕ್ಕೆ ಬಂದಿದ್ದಳು. ಬಸವಲಿಂಗನಿಗೆ ಇಪ್ಪತ್ತಾರು. ಹುಟ್ಟಿದಾಗಿನಿಂದ ಬುದ್ಧಿಯ ಬೆಳವಣಿಗೆ ನಿಧಾನ, ಮಾತೂ ಕಡಿಮೆ. ಇಲ್ಲೇ ಮೂರು ತಿಂಗಳು ಇದ್ದು ಕಲಿತರೆ ಅಕ್ಕಿ ಗಿರಣಿಯಲ್ಲಿ ಚೀಲ ಹೊಲಿಯುವ ಕೆಲಸ ಖಾತ್ರಿ ಅಂದಿದ್ದರು. ಮೂರು ತಿಂಗಳು ಮುಗಿದಿತ್ತು, ಬರುವ ಸೋಮವಾರವೇ ಗಿರಣಿಗೆ ಹೋಗಬೇಕಿತ್ತು.

ಕೇಂದ್ರ ನಡೆಸುವ ಅನ್ನಪೂರ್ಣ ಮೇಡಂ ಗಿರಣಿಗೆ ಕಳಿಸಬೇಕಾದ ಅವನ ಫಾರ್ಮು ಮುಂದಿಟ್ಟರು. ಅದರಲ್ಲಿ ಬರೆದಿತ್ತು: ಹೇಳಿದ್ದು ಕೇಳುವುದಿಲ್ಲ, ಸಿಟ್ಟು, ಊಟದ ಮೇಲೆ ಹಟ. ‘ಐದು ಹಂತದ ಕೆಲಸವನ್ನು ಯಾರೂ ಹೇಳಿಕೊಡದೆ ಮುಗಿಸುತ್ತಾನೆಯೇ?’ ಎಂಬುದರ ಮುಂದೆ ‘ಇಲ್ಲ’. ಇಂಥವನನ್ನು ಗಿರಣಿಗೆ ಕಳಿಸಿ ನಾವು ಬೈಸಿಕೊಳ್ಳಬೇಕೇನು ಅಂತ ಅವರ ಮಾತು.

ಸುಮಂಗಲಾಳ ಕಣ್ಣು ಬಾಗಿಲ ಬಳಿ ನಿಂತಿದ್ದ ಮಗನ ಬರಿಗೊರಳ ಮೇಲಿತ್ತು.

“ಇವನ ಲಿಂಗ ಎಲ್ಲಿ ಅದ ರೀ?”

ಮಷಿನ್ನಿನ ಮುಂದೆ ಕೂಡುವವರ ಕೊರಳಲ್ಲಿ ಏನೂ ಇರಬಾರದು, ಅದು ನಿನ್ನೆ ಬಂದ ಹೊಸ ರೂಲು ಎಂದರು ಮೇಡಂ. ನಿನ್ನೆ ಮಾಸ್ತರು ಶಿವದಾರ ಬಿಚ್ಚಲು ಹೋದಾಗಲೇ ಅವನು ದೂಡಿದ್ದು. ಡ್ರಾಯರು ಎಳೆದರು. ಬೇರೆಯವರಿಂದ ಕಸಿದಿಟ್ಟ ಗುಟ್ಕಾ ಪಾಕೀಟು, ಇಯರ್‌ಫೋನುಗಳ ನಡುವೆ ಅವನ ಲಿಂಗವಿದ್ದ ಪುಟ್ಟ ಕರಡಿಗೆ ಬಿದ್ದಿತ್ತು. ಸುಮಂಗಲಾಳ ಮೈ ಉರಿಯಿತು. ಪೂಜೆ ಮಾಡದೆ ಉಣ್ಣದವನ ಲಿಂಗ ತಾವೇ ಕಸಿದುಕೊಂಡು, ಉಣ್ಣುವುದಿಲ್ಲ ಹಟಮಾರಿ ಅಂತ ತಾವೇ ಬರೆಯುತ್ತಾರಲ್ಲ. ಅಂಗಿಯೊಳಗೆ ಸೇರಿಸಿ ಗುಂಡಿ ಹಾಕಿದ್ದರೆ ಸಾಲುತ್ತಿರಲಿಲ್ಲವೇ?

ಕರಡಿಗೆಯನ್ನು ಸೆರಗಿನಲ್ಲಿ ಒರೆಸಿ ಮಗನ ಕೈಗಿಟ್ಟಳು. “ಈಗ ಎಷ್ಟು ಹಂತ ಆಗ್ತಾವ ಎಣಸ್ರಿ ಮೇಡಂ.”

ಬಸವಲಿಂಗ ನಳದ ಕಡೆ ಹೋಗಿ ಕೈಕಾಲು ಮುಖ ತೊಳೆದು, ಲೋಟದಲ್ಲಿ ನೀರು ಹಿಡಿದು ಬಂದ. ಟವೆಲ್ ಹಾಸಿ ಕೂತ. ಜೇಬಿನಿಂದ ವಿಭೂತಿ ತೆಗೆದು ಹಣೆಗೆ ಎಳೆದುಕೊಂಡ. ಲಿಂಗವನ್ನು ಎಡ ಅಂಗೈಯಲ್ಲಿಟ್ಟು ನೀರು ಬಿಟ್ಟ, ಒರೆಸಿದ, ವಿಭೂತಿ ಹಚ್ಚಿ ಕಣ್ಣು ಮುಚ್ಚಿದ. ಮತ್ತೆ ಕರಡಿಗೆಯಲ್ಲಿಟ್ಟು ಕೊರಳಿಗೆ ತಾನೇ ಕಟ್ಟಿಕೊಂಡ. ಅವ್ವ ತಂದ ಬುತ್ತಿ ಬಿಚ್ಚಿ ರೊಟ್ಟಿ ಮುರಿದ. ಹಂತ ಎಣಿಸಲು ಬೆರಳು ಮಡಚುತ್ತಿದ್ದ ಮೇಡಂ ಐದು ದಾಟಿದ ಮೇಲೆ ಬಿಟ್ಟಿದ್ದರು.

“ಖರೇ ಅದ ರೀ ಅಕ್ಕಾರ, ಆದ್ರ ಇದನ್ನ ಇಷ್ಟು ಹಚಗೊಂಡ್ರ ಹೆಂಗ? ನಾಳೆ ನೀವು ಇಲ್ಲದಾಗ ಇವನ ಗತಿ ಏನು?”

“ನಾ ಇಲ್ಲದಾಗಿನ ಸಲುವಾಗೇ ಕಲ್ಸೀನ್ರಿ. ಪೂಜಿ ಮಾಡಬೇಕಂದ್ರ ಜಳಕಾ ಮಾಡ್ತಾನ. ಪೂಜಿ ಆತಂದ್ರ ಉಣ್ತಾನ. ನಾ ಸತ್ತ ಮರುದಿನಾನೂ ಉಣ್ತಾನ. ಒಂಬತ್ತು ವರ್ಷ ಹಿಡೀತು ಕಲ್ಸಾಕ. ನೀವು ಒಂದು ಮುಂಜಾನ್ಯಾಗ ಕೆಡಿಸಿದ್ರಿ.”

ಮೇಡಂ ಫಾರ್ಮು ಎಳೆದುಕೊಂಡರು. ‘ಇಲ್ಲ’ದ ಮೇಲೆ ಗೀಟು ಎಳೆದು ‘ಹೌದು’ ಎಂದು ಬರೆದರು. ಅದರ ಕೆಳಗೆ ‘ತರಬೇತಿ ನೀಡಿದವರು’ ಎಂಬ ಜಾಗದಲ್ಲಿ ಕೇಂದ್ರದ ಸೀಲು ಒತ್ತಿ, ತಾಯಿಯ ಸಹಿಗೆಂದು ಸುಮಂಗಲಾಳ ಕಡೆ ಸರಿಸಿದರು.

ಒಂಬತ್ತು ವರ್ಷ ತಾನು ಕಲಿಸಿದ್ದರ ಮುಂದೆ ಇದ್ದ ಕೇಂದ್ರದ ಹೆಸರನ್ನು ಸುಮಂಗಲಾ ಎರಡು ಸಲ ಓದಿದಳು. ಸೋಮವಾರಕ್ಕೆ ಇನ್ನು ಮೂರೇ ದಿನ. ಹಲ್ಲು ಕಚ್ಚಿ ಪೆನ್ನು ತೆಗೆದುಕೊಂಡಳು.