ನಾಲ್ಕು ಬೆರಳು

"ಬನಿಯನ್ ತೆಗೆದು ಯೂನಿಫಾರ್ಮ್ ಹಾಕು," ಎಂದ ಸತ್ತವನ ಅಣ್ಣ, ಕೌಂಟರಿನ ಮೇಲೆ ಮೊಬೈಲ್ ಇಟ್ಟು. "ನಾಳೆ ಬೆಳಿಗ್ಗೆ ಶ್ರದ್ಧಾಂಜಲಿ ಸಭೆ. ಅವನ ಜೊತೆ ಸೇನೆಯಲ್ಲಿದ್ದವರೆಲ್ಲ ಬರ್ತಾರೆ."

ಫೋಟೋ ಸ್ಟುಡಿಯೋದವನು ಕಣ್ಣುಜ್ಜಿಕೊಂಡು ಕಂಪ್ಯೂಟರಿನ ಮುಂದೆ ಕುಳಿತ. ಈ ವಾರ ಇದು ಐದನೆಯ ಸಾವು. ಅವನ ಬಳಿ ಇದ್ದದ್ದು ಒಂದೇ ಒಂದು ಯೂನಿಫಾರ್ಮಿನ ಚಿತ್ರ. ಅದರ ಮೇಲೆ ಈಗಾಗಲೇ ಏಳು ತಲೆಗಳು ಕೂತು ಎದ್ದು ಹೋಗಿದ್ದವು.

ಮೊಬೈಲಿನಲ್ಲಿದ್ದವನಿಗೆ ಹೆಚ್ಚೆಂದರೆ ಮೂವತ್ತಾರು. ಮಾಸಿದ ಬನಿಯನ್, ಎರಡು ದಿನದ ಗಡ್ಡ, ಬಾಯ್ತುಂಬ ನಗು. ಬೆನ್ನಿಗೆ ಮಗು ಜೋತುಬಿದ್ದಿತ್ತು. ಅದರ ಮುಖ ಅವನ ತಲೆಯ ಹಿಂದೆ ಮರೆಯಾಗಿ, ಕಾಣುತ್ತಿದ್ದದ್ದು ಎಡ ಹೆಗಲ ಮೇಲಿನ ನಾಲ್ಕು ಬೆರಳು ಮಾತ್ರ.

"ಯೂನಿಫಾರ್ಮಿನದೇ ಯಾವುದೂ ಇಲ್ವಾ ಸರ್?"

"ಸೇರಿದಾಗ ತೆಗೆಸಿದ್ದು ಒಂದಿದೆ, ಸ್ಟಾಂಪಿನಷ್ಟು. ದೊಡ್ಡದು ಮಾಡಿದ್ರೆ ಯಾರೋ ನೆಗಡಿ ಬಂದ ಹುಡುಗನ ಹಾಗೆ ಕಾಣ್ತಾನೆ."

ಯೂನಿಫಾರ್ಮ್ ಕತ್ತಿನ ಕೆಳಗೆ ಸರಿಯಾಗಿ ಕೂತಿತು. ಬನಿಯನ್ ಮುಚ್ಚಿಹೋಯಿತು, ಬೆರಳುಗಳೂ. ಹೆಗಲ ಮೇಲೆ ಎರಡೆರಡು ಸ್ಟಾರ್ ಹೊಳೆದವು.

"ಅವರಿಗೆ ಸ್ಟಾರ್ ಇರ್ಲಿಲ್ಲ ಭಾವ. ಲಾರಿ ಓಡಿಸ್ತಿದ್ರು," ಎಂದಳು ಸತ್ತವನ ಹೆಂಡತಿ. ಇಷ್ಟು ಹೊತ್ತು ಅವಳು ಕಾಗದಪತ್ರಗಳ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಗೋಡೆಗೊರಗಿದ್ದಳು.

"ಇರ್ಲಿ ಬಿಡಮ್ಮ. ಹದಿನಾರು ವರ್ಷ ದುಡಿದ. ಸತ್ತ ಮೇಲಾದ್ರೂ ಬಡ್ತಿ ಸಿಗ್ಲಿ."

ಅವಳು ಎದ್ದು ಬಂದು ಪರದೆ ನೋಡಿದಳು. "ಬೆರಳೆಲ್ಲಿ?"

"ಒಳಗಿದೆ ಅಮ್ಮ. ಮೇಲೆ ಬಟ್ಟೆ ಬಂತಲ್ಲ."

"ಅದಿಷ್ಟು ಉಳಿಸಿ."

"ಹೆಗಲ ಮೇಲೆ ಬರೀ ಬೆರಳಾ?" ಅಣ್ಣ ಸಿಡುಕಿದ. "ನೋಡಿದವರು ದೆವ್ವ ಹತ್ತಿದೆ ಅಂತಾರೆ."

"ಆ ಬಟ್ಟೆ ಬಿಚ್ಚಿಟ್ಟು ಮನೆಗೆ ಬಂದು ಎರಡು ವರ್ಷ ಆಗಿತ್ತು ಭಾವ. ನಮ್ಮ ಪಾಲಿಗೆ ಸಿಕ್ಕಿದ್ದೇ ಆ ಎರಡು ವರ್ಷ. ಸಭೆ ಮುಗಿದ ಮೇಲೆ ಇದು ನಮ್ಮನೆ ಗೋಡೆ ಮೇಲಿರುತ್ತೆ. ಮಗು ಇದ್ಯಾರು ಅಂತ ಕೇಳಿದ್ರೆ ಏನು ಹೇಳ್ಲಿ?"

ಅಣ್ಣ ಗೋಡೆ ಗಡಿಯಾರ ನೋಡಿದ. ಅವಳು ಬೆಂಚಿನ ಕಡೆ ತಿರುಗಿದಳು.

"ಏನಾದ್ರೂ ಮಾಡ್ಕೊಳ್ಳಿ. ಬೆಳಿಗ್ಗೆಯಿಂದ ಮೂರು ಆಫೀಸಿನಲ್ಲಿ ಹೇಳಿದ್ದನ್ನೇ ಹೇಳಿದೀನಿ. ಶೂ ಲೇಸ್ ಕಟ್ಟೋಕೆ ಬಗ್ಗಿದ್ರು, ಮೇಲೇಳ್ಲಿಲ್ಲ. ಇನ್ನು ಮಾತಾಡೋಕೆ ನನ್ನ ಕೈಲಾಗಲ್ಲ." ಚೀಲ ಎತ್ತಿಕೊಂಡು ಹೊರಟೇಹೋದಳು.

"ಸಂಜೆ ಬರ್ತೀನಿ, ಫ್ರೇಮ್ ಹಾಕಿಡು," ಎಂದು ಅಣ್ಣನೂ ಹಿಂದೆಯೇ ಹೋದ.

ಸ್ಟುಡಿಯೋದವನು ಮತ್ತೆ ಮೌಸ್ ಹಿಡಿದ. ಯೂನಿಫಾರ್ಮಿನ ಎಡ ಹೆಗಲನ್ನು ಬೇಕಾದಷ್ಟೇ ಅಳಿಸಿದ. ಬೆರಳುಗಳು ಒಂದೊಂದಾಗಿ ಹೊರಬಂದವು. ದೊಡ್ಡದು ಮಾಡಿ ಅಂಚು ತಿದ್ದುವಾಗ ಉಗುರುಗಳು ಕಂಡವು: ನಾಲ್ಕೂ ಒಂದೇ ಅಳತೆಗೆ ಕತ್ತರಿಸಿದವು, ಪೆರೇಡಿಗೆ ನಿಲ್ಲಿಸಿದ ಹಾಗೆ.

ಸಂಜೆ ಅಣ್ಣ ಫ್ರೇಮನ್ನು ಬೆಳಕಿಗೆ ಹಿಡಿದ. "ಈ ಕಡೆ ಸ್ಟಾರ್ ಎಲ್ಲಿ?"

"ಬೆರಳ ಕೆಳಗೆ ಹೋದ್ವು ಸರ್. ಬೇಡ ಅಂದ್ರೆ ಹೇಳಿ, ಬೇರೆ ಹಾಕಿಕೊಡ್ತೀನಿ. ಹತ್ತು ನಿಮಿಷದ ಕೆಲಸ."

ಬೈಯಲು ಬಾಯಿ ತೆರೆದವನು ಫ್ರೇಮನ್ನು ಇನ್ನಷ್ಟು ಹತ್ತಿರ ತಂದುಕೊಂಡ. ಬೆರಳುಗಳನ್ನು ನೋಡಿ, ಕೌಂಟರಿನ ಮೇಲೆ ಮೆಲ್ಲಗೆ ಇಟ್ಟ.

"ಪೇಪರ್ ಸುತ್ತಿ ಕೊಡು," ಎಂದ. "ಉಗುರು ಭಾನುವಾರ ಭಾನುವಾರ ಅವನೇ ಕತ್ತರಿಸ್ತಿದ್ದ." ಕಾಲರ್ ಸರಿಸಿ, ಕತ್ತಿನ ಮೇಲಿನ ಕೆಂಪು ಗೀರನ್ನು ಮುಟ್ಟಿಕೊಂಡ. "ಈಗ ಮಗುನ ಎತ್ಕೊಂಡ್ರೆ ಗೀರುತ್ತೆ."