ಜಾತಿ ಗಿಡ

ಮಗಳು ಮೆಚ್ಚಿದ ಹುಡುಗ ಬೇರೆ ಜಾತಿಯವನೆಂದು ಗೊತ್ತಾದ ದಿನ ರಾಯರು ಊಟ ಬಿಟ್ಟರು. ಮಗಳು ಮಾತು ಬಿಟ್ಟಳು. ಊಟ ಸಂಜೆಗೇ ಮತ್ತೆ ಶುರುವಾಯಿತು, ಮಾತು ಆಗಲಿಲ್ಲ.

ಬೇಸರ ಕಳೆಯಲು ರಾಯರು ಹಿತ್ತಿಲಿನಲ್ಲಿ ತೋಟ ಮಾಡಲು ಹೊರಟರು. ಚಾಕೊಲೇಟಿನೊಳಗೆ ಸಿಗುವ ಹೇಜಲ್‌ನಟ್ ತಮ್ಮ ಬೆಟ್ಟದೂರಿನ ಚಳಿಗೆ ಬರುತ್ತದೆಂದು ಮಗಳು ತಾಯಿಯ ಮೂಲಕ ಹೇಳಿಕಳಿಸಿದಳು. ರಾಯರ ಬಾಯಲ್ಲಿ ನೀರೂರಿತು.

ನರ್ಸರಿಯವನು ಎರಡು ಸಸಿ ತಂದ. ರಾಯರು ವರನ ಜಾತಕ ನೋಡುವವರಂತೆ ಕನ್ನಡಕ ಏರಿಸಿದರು.

“ತಾಯಿಗಿಡ ಯಾವ್ದಯ್ಯಾ? ಬೆರಕೆ ಏನೂ ಇಲ್ಲ ತಾನೆ?”

“ಎರಡೂ ಒಂದೇ ಜಾತಿ ಸಾರ್. ಅಪ್ಪಟ.”

“ಹಾಗಿರ್ಬೇಕು!” ರಾಯರು ಗೆದ್ದವರಂತೆ ಮಗಳತ್ತ ನೋಡಿದರು. ಅವಳು ನೀರಿನ ಬಿಂದಿಗೆ ಹಿಡಿದು ನಿಂತಿದ್ದಳು.

“ಆದ್ರೆ ಸಾರ್, ಒಂದೇ ಜಾತಿ ನೆಟ್ರೆ ಹೂ ಬಿಡುತ್ತೆ, ಕಾಯಿ ಕಚ್ಚಲ್ಲ. ಪಕ್ಕದಲ್ಲಿ ಬೇರೆ ಜಾತೀದು ಇರ್ಲೇಬೇಕು.”

“ಇರ್ಲೇಬೇಕಾ?”

“ಇಲ್ದಿದ್ರೆ ಬರೀ ಸೊಪ್ಪು ನೋಡ್ಕೊಂಡು ಕೂತಿರ್ಬೇಕು, ಅಷ್ಟೇ.”

ರಾಯರು ತೋಡಿಸಿದ ಗುಂಡಿಗಳನ್ನು ನೋಡಿದರು. ಚಾಕೊಲೇಟನ್ನು ನೆನೆದರು. ಕೊನೆಗೆ ದೊಡ್ಡ ಮನಸ್ಸು ಮಾಡಿದರು.

“ಹೋಗ್ಲಿ ಬಿಡು, ಫಲ ಮುಖ್ಯ. ಜಾತಿ ಕಟ್ಕೊಂಡು ಏನಾಗ್ಬೇಕು? ಆದ್ರೆ ಬೇರೆ ಜಾತೀದನ್ನ ಈಗ ಎಲ್ಲಿಂದ ತರೋದು?”

ಎಷ್ಟೋ ದಿನಗಳ ಮೇಲೆ ಮಗಳು ಬಾಯಿ ಬಿಟ್ಟಳು.

“ನಾನು ತಂದಿದ್ದೀನಪ್ಪಾ. ಗೇಟಿನ ಹತ್ರ ನಿಂತಿದ್ದಾನೆ.”